ದಾರ ಯಾರು ಕತ್ತರಿಸಬೇಕು?

ಇಂಡೋನೇಷ್ಯಾದ ಸುಲಾವೆಸಿ ಪಕ್ಕದಲ್ಲಿ ಮುನಾ ಅಂತ ಒಂದು ದ್ವೀಪ ಇದೆ. ಅಲ್ಲಿನ ಹಳೆಯ ಕಾಲದ ಗಾಳಿಪಟಕ್ಕೆ ಕಾಗದ ಬೇಡ, ಬಟ್ಟೆಯೂ ಬೇಡ. ಕಾಡುಗೆಣಸಿನ ಒಣಗಿದ ಎಲೆಗಳನ್ನು ಅಂಚಿಗೆ ಅಂಚು ಜೋಡಿಸಿ, ಬಿದಿರಿನ ಸಣ್ಣ ಸೀಳುಗಳಿಂದ ಚುಚ್ಚಿ ಸೇರಿಸುತ್ತಾರೆ. ನಮ್ಮಲ್ಲಿ ಊಟಕ್ಕೆ ಮುತ್ತುಗದ ಎಲೆ ಹಚ್ಚುವ ಹಾಗೆ. ದಾರ ಅನಾನಸ್ ಗಿಡದ ನಾರಿನದು. ಈ ಪಟಕ್ಕೆ ಕಾಘಾತಿ ಅಂತ ಹೆಸರು.

ಹಿಂದಿನವರ ನಂಬಿಕೆ ಹೀಗಿದೆ. ಕಾಘಾತಿಯನ್ನು ಏಳು ದಿನ ಕೆಳಗಿಳಿಸದೆ ಹಾರಿಸಬೇಕು. ಏಳನೇ ದಿನ ದಾರ ಕತ್ತರಿಸಿ ಬಿಟ್ಟುಬಿಡಬೇಕು. ಹಾಗೆ ಹೋದ ಪಟ, ಹಾರಿಸಿದವನು ಸತ್ತ ಮೇಲೆ ಬಿಸಿಲಿನ ಝಳ ತಾಗದ ಹಾಗೆ ಅವನ ತಲೆ ಮೇಲೆ ಕೊಡೆಯಾಗಿ ನಿಲ್ಲುತ್ತದಂತೆ.

ಅದೇ ದ್ವೀಪದ ಒಂದು ಗುಹೆಯ ಗೋಡೆ ಮೇಲೆ ಗಾಳಿಪಟ ಹಾರಿಸುವವನ ಹಾಗೆ ಕಾಣುವ ಒಂದು ಹಳೆಯ ಚಿತ್ರವೂ ಇದೆ. ಅದನ್ನು ಹಿಡಿದುಕೊಂಡು, ಗಾಳಿಪಟ ಮೊದಲು ಹಾರಿದ್ದು ಚೀನಾದಲ್ಲಲ್ಲ, ಇಲ್ಲೇ ಅಂತ ವಾದ ಮಾಡುವವರಿದ್ದಾರೆ. ಚಿತ್ರದ ವಯಸ್ಸು ಯಾರೂ ಒಪ್ಪುವಂತೆ ತೀರ್ಮಾನ ಆಗಿಲ್ಲ, ಜಗಳ ನಡೀತಾ ಇದೆ. ಮೊದಲು ಯಾರು ಅನ್ನುವುದರಲ್ಲಿ ನನಗೆ ಅಷ್ಟು ಆಸಕ್ತಿ ಇಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಏಳನೇ ದಿನ. ಹಗಲೂ ರಾತ್ರಿ ಕಾದು, ಮಳೆ ಬಂದೀತೇನೋ ಅಂತ ಹೆದರಿ, ಕೊನೆಗೆ ಕೈಯಾರೆ ಕತ್ತರಿಸುವುದು!

ನಮ್ಮ ಕಡೆ ಹಾಗಲ್ಲ. ಹೇಳೋರು ಕೇಳೋರು ಇಲ್ಲದೆ ಅಲೆಯುವ ಹುಡುಗನನ್ನು ‘ಸೂತ್ರ ಹರಿದ ಗಾಳಿಪಟ’ ಅಂತ ಹಿರಿಯರು ಬೈಯುತ್ತಾರೆ. ದಾರ ಹರಿದರೆ ನಷ್ಟ, ಅಳು, ಮನೆಗೆ ಹೋದರೆ ಅಮ್ಮನ ಹತ್ತಿರ ಇನ್ನೊಂದು ರೀಲಿಗೆ ಗೋಗರೆಯುವ ಕೆಲಸ. ಮುನಾದವರಿಗೆ ಅದೇ ಹರಿದ ದಾರ ಪುಣ್ಯ. ಅಂದಿನಿಂದ ಯಾವ ದೇಶದ ಗಾಳಿಪಟದ ಬಗ್ಗೆ ಓದಿದರೂ ಬಣ್ಣ, ಆಕಾರ ಎಲ್ಲ ಪಕ್ಕಕ್ಕಿಟ್ಟು ನಾನು ಒಂದೇ ವಿಷಯ ಹುಡುಕುತ್ತೇನೆ: ಇಲ್ಲಿ ದಾರ ಕತ್ತರಿಸುವವರು ಯಾರು? ಕತ್ತರಿಸಿದ ಮೇಲೆ ಯಾರಿಗೆ ಖುಷಿ, ಯಾರಿಗೆ ದುಃಖ? ಗಾಳಿಪಟಕ್ಕೆ ಊರಿಗೊಂದು ಅರ್ಥ ಇದೆ ಅಂತಾರಲ್ಲ, ಆ ಅರ್ಥ ಇರುವುದು ಮೇಲಿರುವ ಕಾಗದದಲ್ಲಲ್ಲ, ಕೆಳಗಿರುವ ದಾರದಲ್ಲಿ ಅಂತ ನನ್ನ ಅನಿಸಿಕೆ.

ದಾರದ ಮಾತು ಬಂದಿದ್ದಕ್ಕೆ ಸೂತ್ರದ ವಿಷಯ ಹೇಳಿಬಿಡುತ್ತೇನೆ. ಗಾಳಿಪಟ ಮಾಡುವುದರಲ್ಲಿ ಕಷ್ಟ ಇರುವುದು ಅಲ್ಲೇ. ಹಳೆಯ ಪೇಪರು ಚೌಕಕ್ಕೆ ಕತ್ತರಿಸಬಹುದು. ಪೊರಕೆಯಿಂದ ಎರಡು ಕಡ್ಡಿ ಎಳೆದುಕೊಳ್ಳಬಹುದು, ಬೈಸಿಕೊಂಡರೆ ಆಯಿತು. ಒಂದು ಕಡ್ಡಿ ನೆಟ್ಟಗೆ, ಇನ್ನೊಂದು ಬಿಲ್ಲಿನಂತೆ ಬಾಗಿಸಿ, ಅನ್ನದ ಅಗುಳು ಉಜ್ಜಿ ಅಂಟಿಸಿದರೆ ಪಟ ತಯಾರು. ಸೂತ್ರ ಮಾತ್ರ ಎಲ್ಲರ ಕೈಗೆ ಬರುವುದಿಲ್ಲ. ಕಡ್ಡಿಗಳು ಸೇರುವ ಜಾಗದಲ್ಲಿ ಎರಡು ತೂತು, ಕೆಳಗೆ ಎರಡು ತೂತು. ಮೇಲಿನ ದಾರ, ಕೆಳಗಿನ ದಾರ ಎಳೆದು ಹಿಡಿದು, ಪಟದ ಮೂಲೆಗೆ ತಾಗಿಸಿ ಅಳತೆ ನೋಡಿ ಗಂಟು ಹಾಕಬೇಕು. ಒಂದು ಬೆರಳು ಹೆಚ್ಚು ಕಡಿಮೆ ಆದರೆ ಪಟ ಗಿರಗಿರ ತಿರುಗಿ ಗೋತಾ ಹೊಡೆಯುತ್ತದೆ. ಬಾಲಂಗೋಸಿ ಉದ್ದ ಮಾಡಿ ಸರಿ ಮಾಡಿದೆ ಅಂದುಕೊಳ್ಳುವವರು ಜಾಸ್ತಿ. ತಪ್ಪು ಇರುವುದು ಗಂಟಿನಲ್ಲಿ.

ಯಾಕೆ ಅಂದರೆ, ಪಟ ಗಾಳಿಗೆ ಎಷ್ಟು ಓರೆಯಾಗಿ ನಿಲ್ಲಬೇಕು ಅನ್ನುವುದನ್ನು ತೀರ್ಮಾನಿಸುವುದು ಸೂತ್ರ. ಗಾಳಿ ಹಿಂದಕ್ಕೆ ತಳ್ಳುತ್ತದೆ, ದಾರ ಮುಂದಕ್ಕೆ ಎಳೆಯುತ್ತದೆ, ಆ ಜಗ್ಗಾಟದಲ್ಲಿ ಪಟ ಮೇಲೇರುತ್ತದೆ. ದಾರ ಹೋದರೆ ಓರೆ ಹೋಯಿತು, ಪಟ ಗಾಳಿಯ ಜೊತೆಗೇ ತೇಲಿಕೊಂಡು ನಿಧಾನಕ್ಕೆ ಇಳಿಯುತ್ತದೆ. ಇದನ್ನೇ ಇಟ್ಟುಕೊಂಡು ‘ಬಂಧನವೇ ನಿಜವಾದ ಸ್ವಾತಂತ್ರ್ಯ’ ಅಂತ ಪ್ರವಚನ ಮಾಡುವವರಿದ್ದಾರೆ. ಮದುವೆ ಮನೆ ಭಾಷಣದಲ್ಲೂ ಕೇಳಿದ್ದೇನೆ, ವಾಟ್ಸಾಪ್ ಫಾರ್ವರ್ಡಿನಲ್ಲೂ ಓದಿದ್ದೇನೆ. ಸಾಕಾಗಿದೆ. ಮುನಾದ ಮುದುಕ ಈ ಭಾಷಣ ಕೇಳಿದರೆ ಕತ್ತರಿ ಕೈಗೆ ತಗೊಂಡು ಎದ್ದು ಹೋಗುತ್ತಿದ್ದ.

ಗಾಳಿಪಟದ ಹಬ್ಬಗಳಿಗೆಲ್ಲ ಒಂದೊಂದು ದೇವರು, ಒಂದೊಂದು ಕಥೆ ಇರುತ್ತದೆ. ತಾರೀಖು ನಿಗದಿ ಮಾಡುವುದು ಮಾತ್ರ ಹೆಚ್ಚಾಗಿ ಗಾಳಿಯೇ. ಗುಜರಾತಿನಲ್ಲಿ ಜನವರಿಯ ಉತ್ತರಾಯಣಕ್ಕೆ ಹಾರಿಸಿದರೆ ನಮ್ಮ ಬಯಲುಸೀಮೆಯಲ್ಲಿ ಆಷಾಢ ಬರಬೇಕು. ಮುಂಗಾರಿನ ಗಾಳಿ ಘಟ್ಟ ದಾಟಿ ಬರುವ ಹೊತ್ತಿಗೆ ಮಳೆಯನ್ನೆಲ್ಲ ಅಲ್ಲೇ ಸುರಿದಿರುತ್ತದೆ. ಈ ಕಡೆ ಸಿಗುವುದು ಬರೀ ಬೀಸು. ನೇಕಾರರ ಊರು ದೊಡ್ಡಬಳ್ಳಾಪುರದಲ್ಲಿ ಗಾಳಿಪಟದ ಉತ್ಸವ ಆಷಾಢದಲ್ಲೇ ನಡೆಯುತ್ತದೆ. ಬಾಲಿಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಒಣ ಗಾಳಿ. ಅಲ್ಲಿ ಗಾಳಿಪಟಕ್ಕೆ ರಾರೆ ಅಂಗೋನ್ ದೇವರು. ದನ ಕಾಯುವ ಹುಡುಗನ ರೂಪದ ಶಿವ. ನೂರು ಮೀಟರಿಗೂ ಉದ್ದ ಬಾಲದ ಜಂಗ್ಗಾನ್ ಪಟವನ್ನು ಮೆರವಣಿಗೆಯಲ್ಲಿ ಹೊತ್ತು ಬಯಲಿಗೆ ತರುತ್ತಾರೆ. ಶಿವ ದನ ಕಾಯುತ್ತಾ ಪಟ ಹಾರಿಸುತ್ತಾನೆ ಅನ್ನುವುದು ನನಗೆ ಬಹಳ ಇಷ್ಟವಾದ ಕಲ್ಪನೆ. ದನ ಕಾಯುವ ಕೆಲಸದಲ್ಲಿ ಬಿಡುವು ಜಾಸ್ತಿ ಅಲ್ವಾ.

ಆಷಾಢದಲ್ಲಿ ನಾವು ಇನ್ನೊಂದು ಆಟ ಆಡುತ್ತಿದ್ದೆವು. ಪಟ ಎತ್ತರಕ್ಕೆ ಹೋಗಿ ನಿಂತ ಮೇಲೆ, ಒಂದು ಚೂರು ಕಾಗದಕ್ಕೆ ನಡುವೆ ತೂತು ಮಾಡಿ, ಪಕ್ಕದಲ್ಲಿ ಸೀಳಿ ದಾರಕ್ಕೆ ಸಿಕ್ಕಿಸುವುದು. ಗಾಳಿಗೆ ಆ ಚೀಟಿ ತಿರುಗುತ್ತಾ, ತಡವರಿಸುತ್ತಾ ದಾರದ ಮೇಲೆ ಹತ್ತಿಕೊಂಡು ಹೋಗುತ್ತದೆ. ಗಂಟು ಬಂದ ಕಡೆ ನಿಲ್ಲುತ್ತದೆ. ಸ್ವಲ್ಪ ಜಗ್ಗಿದರೆ ಮತ್ತೆ ಹೊರಡುತ್ತದೆ. ‘ಟೆಲಿಗ್ರಾಂ ಕಳಿಸೋದು’ ಅಂತಿದ್ದೆವು. ಯಾರಿಗೆ ಅಂತ ಯಾರೂ ಕೇಳುತ್ತಿರಲಿಲ್ಲ.

ಗ್ವಾಟೆಮಾಲಾದಲ್ಲಿ ಯಾರಿಗೆ ಅಂತ ಗೊತ್ತಿದೆ. ಅಲ್ಲಿನ ಸುಂಪಾಂಗೊ ಮತ್ತು ಸಾಂತಿಯಾಗೊ ಸಕಟೆಪೆಕೆಸ್ ಎಂಬ ಎರಡು ಊರುಗಳಲ್ಲಿ ಕಾಕ್ಚಿಕೆಲ್ ಮಾಯಾ ಜನ ನವೆಂಬರ್ 1ರಂದು ಗಾಳಿಪಟ ಹಾರಿಸುತ್ತಾರೆ. ಅದು ಸತ್ತವರನ್ನು ನೆನೆಯುವ ದಿನ. ಒಂದು ರೀತಿಯಲ್ಲಿ ನಮ್ಮ ಪಿತೃಪಕ್ಷ, ಆದರೆ ಬಣ್ಣ ಜಾಸ್ತಿ. ಸಾಂತಿಯಾಗೊದಲ್ಲಂತೂ ಹಾರಿಸುವ ಜಾಗವೇ ಸ್ಮಶಾನ. ಸಮಾಧಿಗಳನ್ನು ತೊಳೆದು, ಬಣ್ಣ ಬಳಿದು, ಹಳದಿ ಹೂ ಹರಡಿರುತ್ತಾರೆ. ಆ ಸಮಾಧಿಗಳ ಸಂದಿಯಲ್ಲೇ ಹುಡುಗರು ದಾರ ಹಿಡಿದು ಓಡುತ್ತಾರೆ. ಅಲ್ಲೇ ಬುತ್ತಿ ಬಿಚ್ಚಿ ಊಟ. ದಾರ ಇಲ್ಲಿ ಇದ್ದವರಿಗೂ ಹೋದವರಿಗೂ ನಡುವಿನ ಸಂಪರ್ಕ. ದಾರದ ಮೇಲೆ ಚೀಟಿ ಕಳಿಸುವ ಆಟ ಅಲ್ಲೂ ಇದೆ, ಆದರೆ ಆ ಚೀಟಿಗೆ ವಿಳಾಸ ಇದೆ.

ಇನ್ನೊಂದು ನಂಬಿಕೆಯೂ ಇದೆ. ಆ ದಿನ ಹಿರಿಯರ ಜೊತೆಗೆ ಬೇಡದ ಆತ್ಮಗಳೂ ಬಂದು ತೊಂದರೆ ಕೊಡುತ್ತವಂತೆ. ಗಾಳಿಗೆ ಕಾಗದ ಪಟಪಟ ಅನ್ನುವ ಸದ್ದಿಗೆ ಅವು ಓಡುತ್ತವೆ. ಹಾಗಾಗಿ ಪಟದ ಅಂಚಿಗೆ ಕಾಗದದ ಝಾಲರಿ ಅಂಟಿಸುತ್ತಾರೆ. ಹಾರುವುದಕ್ಕೆ ಅದರಿಂದ ಏನೂ ಉಪಯೋಗ ಇಲ್ಲ, ಸದ್ದಿಗೆ ಮಾತ್ರ.

ಈ ಊರುಗಳು ಹೆಸರುವಾಸಿಯಾಗಿದ್ದು ದೈತ್ಯ ಗಾಳಿಪಟಗಳಿಂದ. ಚಕ್ರದಂತೆ ದುಂಡಗೆ, ಅಡ್ಡಗಲ 15 ರಿಂದ 20 ಮೀಟರ್‌ವರೆಗೂ ಹೋಗುತ್ತದೆ. ಉದ್ದುದ್ದ ಬಿದಿರಿನ ಚೌಕಟ್ಟು. ಅದರ ಮೇಲೆ ನಮ್ಮಲ್ಲಿ ಬಣ್ಣದ ಕಾಗದ ಅಂತೀವಲ್ಲ, ಅಂಥ ತೆಳು ಕಾಗದದ ಸಾವಿರಾರು ಚೂರು. ಬಣ್ಣ ಬಳಿಯುವುದಿಲ್ಲ. ಚಿತ್ರದ ಒಂದೊಂದು ನೆರಳೂ, ಮುದುಕಿಯ ಮುಖದ ಒಂದೊಂದು ಸುಕ್ಕೂ ಕಾಗದದ ಮೇಲೆ ಕಾಗದ ಅಂಟಿಸಿಯೇ ಬರಬೇಕು. ಹಗಲು ಕೆಲಸಕ್ಕೆ ಹೋಗುವ ಯುವಕ ಯುವತಿಯರ ಗುಂಪುಗಳು ರಾತ್ರಿ ಕೂತು ತಿಂಗಳುಗಟ್ಟಲೆ ಮಾಡುತ್ತಾರೆ. ಇಷ್ಟು ಮಾಡಿದ ಮೇಲೆ ಅತಿ ದೊಡ್ಡ ಪಟಗಳು ಹಾರುವುದೇ ಇಲ್ಲ. ಹಗ್ಗ ಹಾಕಿ ಎಳೆದು ನೆಟ್ಟಗೆ ನಿಲ್ಲಿಸುತ್ತಾರೆ, ಅಷ್ಟೇ. ಜೋರು ಗಾಳಿ ಬಂದರೆ ಹರಿದೂ ಹೋಗುತ್ತದೆ. ಚಿಕ್ಕವು ಮಾತ್ರ ಮೇಲೇರುತ್ತವೆ.

ಹಾರದಿದ್ದರೆ ಗಾಳಿಪಟ ಯಾಕೆ ಅಂತ ಕೇಳಬಹುದು. ಅದರ ಮೇಲೆ ಏನಿದೆ ನೋಡಿದರೆ ಗೊತ್ತಾಗುತ್ತದೆ. ಗ್ವಾಟೆಮಾಲಾದಲ್ಲಿ 1960ರಿಂದ 1996ರವರೆಗೆ ಅಂತರ್ಯುದ್ಧ ನಡೆಯಿತು. ಸುಮಾರು 2 ಲಕ್ಷ ಜನ ಸತ್ತರು ಅಥವಾ ಕಾಣೆಯಾದರು. ಅವರಲ್ಲಿ ಹೆಚ್ಚಿನವರು ಮಾಯಾ ಜನ. ಕಾಣೆಯಾದವರಿಗೆ ಸಮಾಧಿ ಇಲ್ಲ, ಹೂ ಇಡುವುದಕ್ಕೆ ಜಾಗ ಇಲ್ಲ. ದೈತ್ಯ ಪಟಗಳ ಮೇಲೆ ಅವರ ಕಥೆ ಬರುತ್ತದೆ. ಕಳೆದುಹೋದ ಜಮೀನು, ಮಾಯಾ ಹೆಂಗಸರ ಪಾಡು, ಕಡಿದ ಕಾಡು ಬರುತ್ತದೆ. ಅದು ಆಕಾಶಕ್ಕೆ ಕಳಿಸುವ ಚೀಟಿಯಲ್ಲ, ಕೆಳಗೆ ನಿಂತ ನಮಗೆ ತೋರಿಸುವ ಗೋಡೆ. ಈ ಪಟಗಳನ್ನು ಮಾಡುವ ಕಲೆಯನ್ನು 2024ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು.

ಈಗ ಅಹಮದಾಬಾದಿಗೆ ಬರೋಣ. ಅಲ್ಲಿ ದಾರಕ್ಕೆ ಬೇರೆಯದೇ ಕೆಲಸ. ನಿಮ್ಮ ದಾರ ಇರುವುದೇ ಇನ್ನೊಬ್ಬರ ದಾರ ಕತ್ತರಿಸುವುದಕ್ಕೆ.

ಜನವರಿ 14 ಹತ್ತಿರ ಬಂದಂತೆ ಹಳೆಯ ಊರಿನ ಫುಟ್‌ಪಾತ್‌ಗಳ ಮೇಲೆ ಸಾಲಾಗಿ ಗೂಟ ನೆಡುತ್ತಾರೆ. ಗೂಟದಿಂದ ಗೂಟಕ್ಕೆ ಬಿಳಿ ಹತ್ತಿ ದಾರ ಎಳೆದಿರುತ್ತದೆ. ಅನ್ನದ ಅಂಟು, ಬಣ್ಣ, ನುಣ್ಣಗೆ ಅರೆದ ಗಾಜಿನ ಪುಡಿ ಸೇರಿಸಿ ಕಲಸಿದ ಮುದ್ದೆಯನ್ನು ಅಂಗೈಯಲ್ಲಿ ಹಿಡಿದು, ದಾರವನ್ನು ಅದರೊಳಗೆ ಹಾಯಿಸಿಕೊಂಡು ಒಬ್ಬ ನಡೆಯುತ್ತಾನೆ. ಈ ತುದಿಯಿಂದ ಆ ತುದಿಗೆ, ಮತ್ತೆ ವಾಪಸ್ಸು. ದಿನವಿಡೀ ಇದೇ ನಡಿಗೆ. ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡಿದ್ದರೂ ಗಾಜು ಗೆರೆ ಎಳೆಯದೆ ಬಿಡುವುದಿಲ್ಲ. ಬಹಳ ಜನ ಉತ್ತರ ಪ್ರದೇಶದ ಬರೇಲಿ ಕಡೆಯಿಂದ ಈ ಕೆಲಸಕ್ಕೆಂದೇ ಬರುತ್ತಾರೆ. ಪಟ ಮಾಡುವ ಮನೆಗಳು, ಮಾಂಜಾ ಹಚ್ಚುವ ಕೈಗಳು ಹೆಚ್ಚಾಗಿ ಮುಸ್ಲಿಮರವು. ಹಾರಿಸುವ ಹಬ್ಬ ಹಿಂದೂಗಳದು. ಹಬ್ಬದ ದಿನ ಟೆರೇಸು ಬಾಡಿಗೆಗೆ ಕೊಡುವವರು ಎರಡೂ ಕಡೆಯವರು.

ಆ ದಿನ ಎಲ್ಲರೂ ಮಾಳಿಗೆ ಮೇಲೆ. ಊಂಧಿಯು, ಜಿಲೇಬಿ, ಚಿಕ್ಕಿ, ಸ್ಪೀಕರು. ಎರಡು ದಾರ ತಗುಲಿದ ತಕ್ಷಣ ಎರಡು ದಾರಿ ಇವೆ. ಒಂದು, ಸರ್ರನೆ ಎಳೆದು ಕತ್ತರಿಸುವುದು. ಇನ್ನೊಂದು, ಢೀಲು ಬಿಡುವುದು: ದಾರವನ್ನು ಹರಿಯಬಿಟ್ಟು, ಓಡುವ ದಾರದ ಗಾಜಿಗೆ ಎದುರಾಳಿಯ ದಾರ ಸವೆಯುವಂತೆ ಮಾಡುವುದು. ಎಳೆಯುವುದಕ್ಕೆ ಧೈರ್ಯ ಸಾಕು, ಢೀಲು ಬಿಡುವುದಕ್ಕೆ ಸಮಾಧಾನ ಬೇಕು. ಕತ್ತರಿಸಿತೋ, ‘ಕಾಯ್ ಪೋ ಛೇ’ ಅಂತ ಇಡೀ ಓಣಿ ಕೂಗುತ್ತದೆ. ಪಟ ಕಳೆದುಕೊಂಡವನು ಅಳುವುದಿಲ್ಲ. ಇನ್ನೊಂದು ಎತ್ತಿಕೊಳ್ಳುತ್ತಾನೆ. ಪಕ್ಕದಲ್ಲಿ ಅಂಥ ಪಟಗಳ ದೊಡ್ಡ ಕಟ್ಟೇ ಇರುತ್ತದೆ. ಕತ್ತರಿಸಿಹೋದ ಪಟ ಯಾರ ಕೈಗೆ ಸಿಕ್ಕಿತೋ ಅವರದು. ಕಾಬೂಲಿನಲ್ಲೂ ಇದೇ ನಿಯಮ. ಅಲ್ಲಿ 1996ರಿಂದ 2001ರವರೆಗೆ ತಾಲಿಬಾನ್ ಆಡಳಿತ ಗಾಳಿಪಟವನ್ನೇ ನಿಷೇಧಿಸಿತ್ತು. ಆಗ ಹಾರಿಸುವುದೇ ಒಂದು ಹಟವಾಯಿತು.

ಕತ್ತರಿಸುವ ಆಟ ಚೆಂದ, ನಾನು ಅದರ ವಿರೋಧಿ ಅಲ್ಲ. ಆದರೆ ನೈಲಾನ್ ದಾರ ಬಂದ ಮೇಲೆ ಆಟ ಕೆಟ್ಟಿತು. ಹತ್ತಿ ದಾರ ಗಾಜು ಮೆತ್ತಿಕೊಂಡಿದ್ದರೂ ಜೋರಾಗಿ ಎಳೆದರೆ ಹರಿಯುತ್ತದೆ. ನೈಲಾನ್ ಹರಿಯುವುದಿಲ್ಲ. ಬೈಕಿನವನ ಕುತ್ತಿಗೆಗೆ ಸಿಕ್ಕರೆ ಕುತ್ತಿಗೆಯೇ ಹರಿಯಬೇಕು. ಮರಕ್ಕೆ ಸುತ್ತಿಕೊಂಡರೆ ವರ್ಷಗಟ್ಟಲೆ ಅಲ್ಲೇ ಇದ್ದು ಹದ್ದು, ಪಾರಿವಾಳ, ಬಾವಲಿಗಳ ರೆಕ್ಕೆ ಕೊಯ್ಯುತ್ತದೆ. ಚೈನಾ ಮಾಂಜಾ ಅಂತ ಹೆಸರು, ತಯಾರಾಗುವುದು ಇಲ್ಲೂ ಹೌದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವಂತೆ ಇದನ್ನು ನಿಷೇಧಿಸಿತು. ಆದರೂ ಸಂಕ್ರಾಂತಿ ಹೊತ್ತಿಗೆ ಅಹಮದಾಬಾದಿನ ಸ್ಕೂಟರುಗಳ ಹ್ಯಾಂಡಲಿಗೆ ಕಮಾನಿನಂತೆ ಬಾಗಿಸಿದ ಸರಳು ಕಟ್ಟಿಕೊಂಡು ಜನ ಓಡಾಡುತ್ತಾರೆ, ದಾರ ಕುತ್ತಿಗೆಗೆ ಬರದಿರಲಿ ಅಂತ. ಲಾಹೋರಿನ ಬಸಂತ್ ಹಬ್ಬದಲ್ಲಿ ಲೋಹದ ತಂತಿಯನ್ನೇ ದಾರದ ಬದಲು ಬಳಸಿ ಜನ ಸಾಯತೊಡಗಿದಾಗ, 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ನಿಷೇಧ ಹಾಕಿತು. ಅಷ್ಟು ದೊಡ್ಡ ಹಬ್ಬದ ಆಕಾಶ ಬಹಳ ವರ್ಷ ಖಾಲಿ ಉಳಿಯಿತು. ಗೆಲ್ಲಲೇಬೇಕು ಅನ್ನುವವನ ಕೈಗೆ ಹರಿಯದ ದಾರ ಸಿಕ್ಕಿದ್ದರ ಫಲ ಅದು. ಆಟಗಾರನಿಗೆ ತನ್ನ ದಾರವೂ ಹರಿಯಬಹುದು ಅನ್ನುವ ಭಯ ಇರಬೇಕು.

ಜಪಾನಿನ ಹಮಾಮಾಟ್ಸುವಿನಲ್ಲೂ ಜಗಳದ ಪಟವೇ. ಮೇ 3ರಿಂದ 5ರವರೆಗೆ ಸಮುದ್ರದ ದಂಡೆಯ ಮರಳುದಿಬ್ಬಗಳಲ್ಲಿ ಒಂದೊಂದು ಬೀದಿಯದೂ ಒಂದೊಂದು ತಂಡ. ಗಾಜು ಇಲ್ಲ. ದಪ್ಪ ನಾರಿನ ಹಗ್ಗಗಳನ್ನು ಒಂದಕ್ಕೊಂದು ತಿಕ್ಕಿ ತಿಕ್ಕಿ ಸವೆಸಿ ಹರಿಯಬೇಕು. ಅದರ ಜೊತೆಗೇ ಆ ವರ್ಷ ಮೊದಲ ಮಗು ಹುಟ್ಟಿದ ಮನೆಯವರ ಪಟವೂ ಹಾರುತ್ತದೆ. ಮೇಲೆ ಮಗುವಿನ ಹೆಸರು, ಮನೆತನದ ಲಾಂಛನ. ಕೆಳಗೆ ಅಪ್ಪ ಅಮ್ಮನ ತೋಳಲ್ಲಿ ಮಗು, ಬಹಳ ಸಲ ನಿದ್ದೆಯಲ್ಲಿ.

ಲಖನೌದಲ್ಲಿ 1928ರಲ್ಲಿ ಇದೇ ಗಾಳಿಪಟ ರಾಜಕೀಯಕ್ಕೂ ಬಂತು. ಸೈಮನ್ ಕಮಿಷನ್ನಿನವರಿಗೆ ಜಮೀನ್ದಾರರು ಕೈಸರ್‌ಬಾಗ್‌ನಲ್ಲಿ ಸತ್ಕಾರ ಇಟ್ಟುಕೊಂಡಿದ್ದರು. ಪ್ರತಿಭಟನೆ ಮಾಡುವವರು ಹತ್ತಿರ ಸುಳಿಯದಂತೆ ಪೊಲೀಸರು ಸುತ್ತಲೂ ಬಂದೋಬಸ್ತು ಹಾಕಿದರು. ರಸ್ತೆ ಬಂದ್ ಮಾಡಬಹುದು, ಆಕಾಶ ಬಂದ್ ಮಾಡೋದು ಹೇಗೆ? ಊರಿನವರು ‘ಸೈಮನ್ ಗೋ ಬ್ಯಾಕ್’ ಅಂತ ಬರೆದ ಪಟಗಳನ್ನೂ ಬಲೂನುಗಳನ್ನೂ ಅತಿಥಿಗಳ ತಲೆ ಮೇಲೆಯೇ ತೇಲಿಸಿದರು. ಮುಂದೆ ಬಂದ 1934ರ ವಿಮಾನ ಕಾಯ್ದೆಯಲ್ಲಿ ‘ವಿಮಾನ’ದ ಅರ್ಥ ಹೇಳುವಾಗ ಬಲೂನು, ಗ್ಲೈಡರುಗಳ ಜೊತೆ ಗಾಳಿಪಟವನ್ನೂ ಸೇರಿಸಿದ್ದರು. ಲಖನೌಗೂ ಇದಕ್ಕೂ ಸಂಬಂಧ ಇದೆ ಅಂತ ನಾನು ಹೇಳುತ್ತಿಲ್ಲ. ಸುಮ್ನೆ ನೆನಪಾಯಿತು.

ಎಲ್ಲಕ್ಕಿಂತ ಹೆಚ್ಚು ನನ್ನ ತಲೆಯಲ್ಲಿ ಉಳಿದಿದ್ದು ಕೊರಿಯಾ. ಅಲ್ಲಿ ಪಟ ಹಾರಿಸುವ ಕಾಲ ಚಾಂದ್ರಮಾನ ಹೊಸ ವರ್ಷದಿಂದ ಆ ವರ್ಷದ ಮೊದಲ ಹುಣ್ಣಿಮೆವರೆಗೆ. ಚಳಿಗಾಲದ ಒಣ ಗಾಳಿ. ಅವರ ಪಟ ಬಾಗಿಲಿನಂತೆ ಆಯತಾಕಾರ, ಸರಿಯಾಗಿ ನಡುವೆ ಒಂದು ದುಂಡನೆಯ ತೂತು. ಜೋರು ಗಾಳಿ ತೂತಿನಿಂದ ಹಾದುಹೋಗುವುದರಿಂದ ಕಾಗದ ಹರಿಯುವುದಿಲ್ಲ, ಪಟವೂ ಹೇಳಿದ ಮಾತು ಕೇಳುತ್ತದೆ. ಹುಣ್ಣಿಮೆ ಹೊತ್ತಿಗೆ ಪಟದ ಮೇಲೆ ‘ಕೆಟ್ಟದ್ದು ಹೋಗಲಿ, ಒಳ್ಳೆಯದು ಬರಲಿ’ ಎಂಬರ್ಥದ ನಾಲ್ಕು ಅಕ್ಷರ ಬರೆಯುತ್ತಾರೆ. ಮಗುವಿನ ಹೆಸರು, ಹುಟ್ಟಿದ ದಿನವನ್ನೂ ಸೇರಿಸುವುದುಂಟು. ಇದ್ದಬದ್ದ ದಾರವನ್ನೆಲ್ಲ ಬಿಟ್ಟು, ಪಟ ಚುಕ್ಕೆಯಾದ ಮೇಲೆ ಕತ್ತರಿಸುತ್ತಾರೆ. ವರ್ಷದ ಪೀಡೆ ಅದರ ಜೊತೆ ಹೋಯಿತು. ಹಾಗೆ ಬಂದು ಬಿದ್ದ ಪಟವನ್ನು ಹಿಂದೆ ಮಕ್ಕಳು ಮುಟ್ಟುತ್ತಿರಲಿಲ್ಲ. ಚೀನಾದಲ್ಲೂ ಹಿರಿಯರ ಸಮಾಧಿ ತೊಳೆಯುವ ಚಿಂಗ್‌ಮಿಂಗ್ ಹಬ್ಬದ ಸಮಯದಲ್ಲಿ ಪಟ ಹಾರಿಸಿ, ರೋಗರುಜಿನ ಹೋಗಲಿ ಅಂತ ದಾರ ಕತ್ತರಿಸುವ ಪದ್ಧತಿ ಇದೆ. ಅಹಮದಾಬಾದಿನಲ್ಲಿ ಕತ್ತರಿಸಿದ ಪಟಕ್ಕೆ ಹತ್ತು ಕೈ ಮೇಲೇಳುತ್ತವೆ, ಇಲ್ಲಿ ಹತ್ತು ಜನ ದೂರ ಸರಿಯುತ್ತಾರೆ.

ಕಳೆದ ಆಷಾಢದಲ್ಲಿ ಅಕ್ಕನ ಮಗ ಬೆಂಗಳೂರಿನ ನಮ್ಮ ಮನೆ ಟೆರೇಸಿನಲ್ಲಿ ಪಟ ಹಾರಿಸುತ್ತಿದ್ದ. ಆರನೇ ಕ್ಲಾಸು. ಹತ್ತಿ ದಾರ ಮಾತ್ರ ಅಂತ ಅವನಿಗೆ ಕಟ್ಟುನಿಟ್ಟು. ಸೂತ್ರ ನಾನೇ ಕಟ್ಟಿಕೊಟ್ಟಿದ್ದೆ. ಮಾತಿಗೆ ಮಾತು ಬಂದು ಕೊರಿಯಾದ ಕಥೆ ಹೇಳಿದೆ. ಕಣ್ಣು ಅರಳಿತು. ತಕ್ಷಣ ಪಟ ಕೆಳಗಿಳಿಸಿ, ಸ್ಕೆಚ್ ಪೆನ್ ತಂದು ದೊಡ್ಡದಾಗಿ ‘ಗಣಿತ’ ಅಂತ ಬರೆದ. ಸ್ವಲ್ಪ ಯೋಚಿಸಿ ಕೆಳಗೆ ‘ಹಿಂದಿ’ ಅಂತಲೂ ಸೇರಿಸಿದ. ಮತ್ತೆ ಏರಿಸಿದೆವು. ಒಳ್ಳೆ ಗಾಳಿ ಇತ್ತು. ಪಕ್ಕದ ರಸ್ತೆಯ ನೀರಿನ ಟ್ಯಾಂಕ್ ದಾಟಿ, ತೆಂಗಿನ ಮರಗಳನ್ನೂ ದಾಟಿ ಹೋಯಿತು. ನಾನು ಕತ್ತರಿ ಕೊಟ್ಟೆ.

ಕೈಯಲ್ಲಿ ಕತ್ತರಿ ಹಿಡಿದು ನಿಂತುಬಿಟ್ಟ.

“ಮಾಮ, ಇದು ಎಲ್ಲಿ ಹೋಗಿ ಬೀಳತ್ತೆ?”

“ಯಾರದೋ ಮನೆ ಮೇಲೆ.”

“ಅವರಿಗೆ ಗಣಿತ ಅಂಟಿಕೊಳ್ಳತ್ತಾ?”

“ಕೊರಿಯಾದವರ ಲೆಕ್ಕದಲ್ಲಿ, ಮುಟ್ಟಿದರೆ ಅಂಟಿಕೊಳ್ಳಬಹುದಪ್ಪ.”

ಅವನು ಸುತ್ತಲಿನ ಟೆರೇಸುಗಳನ್ನೆಲ್ಲ ಒಂದು ಸಲ ನೋಡಿದ. ಮೂರನೇ ಕ್ರಾಸಿನಲ್ಲಿ ಅವನ ಕ್ಲಾಸಿನ ಹುಡುಗನೊಬ್ಬನ ಮನೆ ಇದೆ. ಯಾವಾಗಲೂ ಫಸ್ಟ್ ಬರುವ ಹುಡುಗ. ಆ ಕಡೆ ಬೆರಳು ತೋರಿಸಿ ಕೇಳಿದ:

“ಗಾಳಿ ಆ ಕಡೆ ಯಾವಾಗ ತಿರುಗತ್ತೆ ಮಾಮ?”